ಹತ್ತು ತಂತಿಗಳ ಸಂವಾದ

(ಆಕಾಶವಾಣಿಯಲ್ಲಿ ಪ್ರಸಾರವಾದ ಭಾಷಣ)



ಕನ್ನಡ ಅಧ್ಯಾಪಕನೊಬ್ಬ ಅಮೆರಿಕದ ಜಾಝ್ ಸಂಗೀತವನ್ನು ಕುರಿತು ಮಾತನಾಡಹೊರಟರೆ ಕೇಳುವವರಿಗೆ ಆಶ್ಚರ್ಯವಾಗುವುದು ಸಹಜ. ಪಾಶ್ಚಾತ್ಯ ಸಂಗೀತಶಾಸ್ತ್ರದಲ್ಲಿ ನನಗೆ ಪರಿಶ್ರಮವಿಲ್ಲ. ವಾದ್ಯವೊಂದನ್ನು ಕೈಯಲ್ಲಿ ಹಿಡಿದವನೂ ನಾನಲ್ಲ. ಹೀಗಿದ್ದೂ ಈ ವಿಷಯವನ್ನು ನಾನಾಗಿಯೇ ಆರಿಸಿಕೊಂಡಿದ್ದೇನೆ. ಅದಕ್ಕೆ ಕಾರಣವನ್ನು ಮೊದಲೇ ನಿವೇದಿಸಿಬಿಡುತ್ತೇನೆ.

ನಾನು ನಿವೃತ್ತನಾದ ಹೊಸತರಲ್ಲಿ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆಂದು ಬೆಂಗಳೂರಿಗೆ ಹೋಗಿ, ತಂಗಿಯ ಮನೆಯಲ್ಲಿ ಹದಿನೈದು ದಿನ ಉಳಿಯಬೇಕಾಯಿತು. ಓದಬಾರದು, ಬರೆಯಬಾರದು ಎಂದು ವೈದ್ಯರ ಕಟ್ಟಪ್ಪಣೆ. ಆಯುಷ್ಯವನ್ನೆಲ್ಲ ಪುಸ್ತಕಗಳ ಸಹವಾಸದಲ್ಲಿ ಕಳೆದವನಿಗೆ ಇದು ಸೆರೆವಾಸವೇ ಸರಿ. ತಂಗಿಯ ಮಗ ಗಿಟಾರ್ ಕಲಿಯುತ್ತಿದ್ದ ಹುಡುಗ. ಅವನ ಕೋಣೆಯಲ್ಲಿ ಹಳೆಯ ಗ್ರಾಮಫೋನ್ ತಟ್ಟೆಗಳ ಸಂಗ್ರಹವೊಂದಿತ್ತು. ಸಂಜೆಯಾದೊಡನೆ ಒಂದೇ ತಟ್ಟೆಯನ್ನು ಮತ್ತೆ ಮತ್ತೆ ಹಾಕಿ ಕೇಳುವುದು ಅವನ ಅಭ್ಯಾಸ. ಹಾಡುವವರಿಲ್ಲ, ತಾಳವಾದ್ಯವಿಲ್ಲ. ಒಂದು ಗಿಟಾರ್ ಮೆಲ್ಲನೆ ಏನನ್ನೋ ಹೇಳುತ್ತದೆ. ಅದರ ಕೆಳಗೆ ಮತ್ತಾವುದೋ ದೊಡ್ಡ ತಂತಿವಾದ್ಯ ಗಂಭೀರವಾಗಿ ಮಿಡಿಯುತ್ತದೆ. ನಡುವೆ ಇಬ್ಬರೂ ಸುಮ್ಮನಾಗಿಬಿಡುತ್ತಾರೆ. ಮೂರನೆಯ ದಿನ ನಾನು ತಡೆಯಲಾರದೆ ಕೇಳಿದೆ: “ಏನಪ್ಪಾ, ಇಬ್ಬರೂ ಒಬ್ಬರಿಗೊಬ್ಬರು ದಾರಿ ಬಿಡುತ್ತ ನಿಂತ ಹಾಗಿದೆಯಲ್ಲ, ಸಂಗೀತ ಶುರುವಾಗುವುದು ಯಾವಾಗ?”

ಅವನು ನಕ್ಕು, “ಅದೇ ಸಂಗೀತ ಮಾವ. ಕಚೇರಿ ಆಗಲೇ ಅರ್ಧ ಮುಗಿದಿದೆ” ಎಂದ.

ಆ ಮಾತು ನನ್ನನ್ನು ಸ್ವಲ್ಪ ಕುಟುಕಿತು. ಆ ರಾತ್ರಿ ಬೇರೆ ಕೆಲಸವಿಲ್ಲದೆ, ಕಣ್ಣು ಮುಚ್ಚಿ, ಅದೇ ತಟ್ಟೆಯನ್ನು ಮೊದಲಿನಿಂದ ಕೊನೆಯವರೆಗೆ ಕೇಳಿದೆ. ಅನಂತರ ಉಳಿದ ದಿನಗಳಲ್ಲೆಲ್ಲ ಕೇಳಿದೆ. ಆ ತಟ್ಟೆಯ ಹೆಸರು ‘ಅಲೋನ್ ಟುಗೆದರ್’. ಒಟ್ಟಿಗಿದ್ದೂ ಏಕಾಂತ ಎಂದು ಅದನ್ನು ಅರ್ಥೈಸಬಹುದೇನೋ. ಗಿಟಾರ್ ನುಡಿಸಿದವರು ಜಿಮ್ ಹಾಲ್. ಡಬಲ್ ಬೇಸ್ ನುಡಿಸಿದವರು ರಾನ್ ಕಾರ್ಟರ್. 1972ರ ಆಗಸ್ಟ್ 4ರಂದು ನ್ಯೂಯಾರ್ಕ್ ನಗರದ ಪ್ಲೇಬಾಯ್ ಕ್ಲಬ್ಬಿನಲ್ಲಿ, ಸಭಿಕರೆದುರು ನುಡಿಸುತ್ತಿರುವಾಗಲೇ ಮುದ್ರಿಸಿಕೊಂಡದ್ದು. ಸ್ಥಳದ ಹೆಸರು ಕೇಳಿ ತಾವು ಮುಖ ಸಿಂಡರಿಸಬಾರದು. ಕೆಸರಿನಲ್ಲಿ ಕಮಲ ಎಂಬ ಮಾತನ್ನು ನಾವು ಎಷ್ಟೋ ಸಲ ಬಳಸಿದ್ದೇವೆ. ಇಲ್ಲಿಯೂ ಒಮ್ಮೆ ಬಳಸಿದರೆ ತಪ್ಪಾಗಲಾರದು.

ಕೇಳುತ್ತ ಕೇಳುತ್ತ ನನಗೆ ಮನವರಿಕೆಯಾದ ಸಂಗತಿಯೊಂದುಂಟು: ಈ ಬಗೆಯ ವ್ಯವಹಾರ ನನಗೆ ಅಪರಿಚಿತವಾದುದಲ್ಲ, ಬಾಲ್ಯದಲ್ಲಿಯೇ ಇದನ್ನು ನೋಡಿದ್ದೇನೆ, ಕೇಳಿದ್ದೇನೆ. ನಾನು ಕರಾವಳಿಯ ಹಳ್ಳಿಯವನು. ನನ್ನ ತಂದೆಯವರು ತಾಳಮದ್ದಳೆಯಲ್ಲಿ ಹವ್ಯಾಸದಿಂದ ಅರ್ಥ ಹೇಳುತ್ತಿದ್ದರು. ಘಟ್ಟದ ಮೇಲಿನ ಶ್ರೋತೃಗಳಿಗಾಗಿ ಎರಡು ಮಾತು ವಿವರಿಸುತ್ತೇನೆ. ತಾಳಮದ್ದಳೆಯೆಂದರೆ ವೇಷವಿಲ್ಲದ, ಕುಣಿತವಿಲ್ಲದ ಯಕ್ಷಗಾನ. ಭಾಗವತರು ಪ್ರಸಂಗದ ಪದ್ಯವೊಂದನ್ನು ಹಾಡುತ್ತಾರೆ. ಪದ್ಯ ನಿಯತವಾದುದು, ಅದನ್ನು ಯಾರೂ ಬದಲಿಸುವಂತಿಲ್ಲ. ಹಾಡು ಮುಗಿದೊಡನೆ ಅರ್ಥಧಾರಿ ಆ ಪದ್ಯದ ಭಾವವನ್ನು ಹಿಡಿದು ಗದ್ಯದಲ್ಲಿ ಮಾತು ಬೆಳೆಸುತ್ತಾನೆ. ಆ ಮಾತು ಎಲ್ಲಿಯೂ ಬರೆದಿಟ್ಟದ್ದಲ್ಲ. ‘ವಾಲಿವಧೆ’ಯಲ್ಲಿ ರಾಮನಾದವನು ಏನು ಹೇಳುತ್ತಾನೆಂದು ಎದುರು ಕುಳಿತ ವಾಲಿಗೆ ಮೊದಲೇ ತಿಳಿದಿರುವುದಿಲ್ಲ, ರಾಮನಿಗೂ ಪೂರ್ತಿ ತಿಳಿದಿರುವುದಿಲ್ಲ.

ಜಾಝ್ ಎಂಬುದರ ಒಳಮರ್ಮವೂ ಇದೇ. ಇಪ್ಪತ್ತನೆಯ ಶತಮಾನದ ಆರಂಭಕಾಲದಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ಕರಿಯ ಜನರ ನಡುವೆ ರೂಪುಗೊಂಡ ಈ ಸಂಗೀತದಲ್ಲಿ ಪ್ರಸಿದ್ಧವಾದ ಒಂದು ಹಾಡೋ ರಾಗದ ಮಟ್ಟೋ ಪದ್ಯದ ಸ್ಥಾನದಲ್ಲಿ ನಿಲ್ಲುತ್ತದೆ. ಹಾಡಿನ ಅಳತೆ ನಿಶ್ಚಿತ. ನಾಲ್ಕು ನಾಲ್ಕು ಎಣಿಕೆಯ ಖಂಡಗಳು ಮೂವತ್ತೆರಡು ಸೇರಿದರೆ ಒಂದು ಸುತ್ತು ಎಂಬುದು ಸಾಮಾನ್ಯ ಕ್ರಮ. ಖಂಡ ಖಂಡಕ್ಕೂ ಹಿನ್ನೆಲೆಯಲ್ಲಿ ಯಾವ ಸ್ವರಗುಚ್ಛ ಬರಬೇಕೆಂಬುದೂ ಗೊತ್ತುಪಡಿಸಿದ್ದು. ಏಕಕಾಲದಲ್ಲಿ ನುಡಿಯುವ ಮೂರು ನಾಲ್ಕು ಸ್ವರಗಳ ಈ ಗುಚ್ಛಕ್ಕೆ ಅವರು ‘ಕಾರ್ಡ್’ ಎನ್ನುತ್ತಾರೆ. ಮೊದಲ ಸುತ್ತಿನಲ್ಲಿ ಹಾಡನ್ನು ಹೆಚ್ಚು ಕಡಮೆ ಇದ್ದಂತೆಯೇ ನುಡಿಸುತ್ತಾರೆ. ಆಮೇಲೆ ಅದೇ ಅಳತೆಯ ಸುತ್ತುಗಳು ಒಂದರ ಹಿಂದೊಂದು ತಿರುಗುತ್ತಿರುವಾಗ ವಾದಕನು ಆ ಕ್ಷಣಕ್ಕೆ ತೋಚಿದ ಹೊಸ ರಾಗವನ್ನು ಕಟ್ಟುತ್ತ ಹೋಗುತ್ತಾನೆ. ನಮ್ಮ ಸಂಗೀತಗಾರರು ಮನೋಧರ್ಮವೆಂದು ಕರೆಯುವುದಕ್ಕೆ ಇದು ಹತ್ತಿರದ ಬಂಧು. ಕಡೆಗೆ ಮೂಲ ಹಾಡಿಗೆ ಮರಳಿ ಮಂಗಳ.

‘ಅಲೋನ್ ಟುಗೆದರ್’ ಎಂಬ ಹಾಡನ್ನೇ ನೋಡಿ. ಆರ್ಥರ್ ಶ್ವಾರ್ಟ್ಸ್ ಸ್ವರ ಹಾಕಿದ ಈ ಹಾಡು 1932ರ ಒಂದು ರಂಗಪ್ರದರ್ಶನಕ್ಕಾಗಿ ಹುಟ್ಟಿದ್ದು. ಇದರ ಅಳತೆ ಸಾಮಾನ್ಯ ಕ್ರಮದ ಮೂವತ್ತೆರಡಲ್ಲ. ಹದಿನಾಲ್ಕು, ಹದಿನಾಲ್ಕು, ಎಂಟು, ಎಂಟು, ಒಟ್ಟು ನಲವತ್ತನಾಲ್ಕು ಖಂಡಗಳು. ಎಂಟು ಹದಿನಾರುಗಳಿಗೆ ಒಗ್ಗಿದ ಕಿವಿಗೆ ಇಲ್ಲಿ ಹೆಜ್ಜೆ ತಪ್ಪುವುದು ಸುಲಭ. ಲಯ ಹಿಡಿದುಕೊಡಲು ಮೂರನೆಯವನಿಲ್ಲದೆ ಇಬ್ಬರೇ ಈ ವಿಷಮ ಅಳತೆಯಲ್ಲಿ ಸುತ್ತು ಸುತ್ತಾಗಿ ಸಾಗುವಾಗ, ತಾನು ಎಲ್ಲಿದ್ದೇನೆ ಎಂಬುದರ ಜೊತೆಗೆ ಎದುರಿನವನು ಎಲ್ಲಿದ್ದಾನೆ ಎಂಬ ಎಚ್ಚರವೂ ಪ್ರತಿಯೊಬ್ಬನಿಗೆ ಬೇಕಾಗುತ್ತದೆ.

ಈಗ ವಾದ್ಯಗಳ ವಿಚಾರ. ಡಬಲ್ ಬೇಸ್ ಎಂಬುದು ಪಿಟೀಲಿನ ಮನೆತನದ ಹಿರಿಯಣ್ಣ. ಆಳೆತ್ತರದ ವಾದ್ಯ, ನುಡಿಸುವವನು ನಿಂತು, ಅದನ್ನು ತಬ್ಬಿಕೊಂಡಂತೆ ಹಿಡಿಯಬೇಕು. ಜಾಝಿನಲ್ಲಿ ಕಮಾನನ್ನು ಬದಿಗಿಟ್ಟು ಬಹುಮಟ್ಟಿಗೆ ಬೆರಳುಗಳಿಂದಲೇ ಮೀಟುತ್ತಾರೆ. ಅದಕ್ಕೆ ನಾಲ್ಕು ತಂತಿ. ಪಾಶ್ಚಾತ್ಯರ ಸ್ವರಸಂಜ್ಞೆಯಲ್ಲಿ ಇ, ಎ, ಡಿ, ಜಿ. ಗಿಟಾರಿಗೆ ಆರು ತಂತಿ. ಅವುಗಳಲ್ಲಿ ಕೆಳಗಿನ ನಾಲ್ಕರ ಶ್ರುತಿಯೂ ಇ, ಎ, ಡಿ, ಜಿ. ಆದರೆ ಒಂದು ಸ್ಥಾಯಿ ಮೇಲೆ. ಬೇಸಿನ ಅತ್ಯಂತ ತಗ್ಗಿನ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸಿದರೆ, ಗಿಟಾರಿನ ಅತ್ಯಂತ ತಗ್ಗಿನ ತಂತಿ ಸುಮಾರು 82 ಸಲ ಕಂಪಿಸುತ್ತದೆ. ಹೀಗೆ ಅವು ಒಂದೇ ಮನೆಯ ಮಾತನ್ನು ಬೇರೆ ಬೇರೆ ಕಂಠದಲ್ಲಿ ಆಡುವ ಅಪ್ಪ ಮಗಳಂತೆ. ಬೇಧವೂ ಉಂಟು. ಗಿಟಾರಿಗೆ ನಮ್ಮ ವೀಣೆಗಿರುವಂತೆ ಮೆಟ್ಟಿಲುಗಳಿವೆ, ಬೇಸಿಗೆ ಇಲ್ಲ. ಆದ್ದರಿಂದ ಬೇಸಿನವನ ಸ್ವರಶುದ್ಧಿಯೆಲ್ಲ ಅವನ ಬೆರಳಿನ ತೀರ್ಮಾನ, ಅವನ ಕಿವಿಯ ಹೊಣೆ.

ಆದರೆ ಈ ಎರಡು ವಾದ್ಯಗಳೂ ಜಾಝಿನ ಮೇಳದಲ್ಲಿ ಬಹುಕಾಲ ಹಿಂದಿನ ಸಾಲಿನಲ್ಲಿಯೇ ದುಡಿದವು. ತುತ್ತೂರಿ, ಸ್ಯಾಕ್ಸೊಫೋನುಗಳ ಭೋರ್ಗರೆತದ ನಡುವೆ ಗಿಟಾರಿನ ಸಣ್ಣ ದನಿ ಕೇಳಿಸುತ್ತಿರಲಿಲ್ಲ. ಬೇಸು ಲಯಕ್ಕೆ ಆಧಾರ ಕೊಡುವ ಆಳು ಮಾತ್ರವಾಗಿತ್ತು. ಈ ಸ್ಥಿತಿಯನ್ನು ಬದಲಿಸಿದವರು ಇಬ್ಬರು ತರುಣರು. ಟೆಕ್ಸಾಸಿನಲ್ಲಿ ಹುಟ್ಟಿ ಓಕ್ಲಹೋಮದಲ್ಲಿ ಬೆಳೆದ ಚಾರ್ಲಿ ಕ್ರಿಶ್ಚಿಯನ್ 1939ರಲ್ಲಿ ಬೆನ್ನಿ ಗುಡ್‌ಮನ್ನರ ಮೇಳವನ್ನು ಸೇರಿ, ವಿದ್ಯುತ್ತಿನಿಂದ ದನಿ ಹೆಚ್ಚಿಸಿದ ಗಿಟಾರನ್ನು ಗಾಯಕನಂತೆ ಮುಂದಕ್ಕೆ ತಂದ. ಅದೇ 1939ರಲ್ಲಿ ಜಿಮ್ಮಿ ಬ್ಲಾಂಟನ್ ಎಂಬ ಹುಡುಗ ಡ್ಯೂಕ್ ಎಲಿಂಗ್‌ಟನ್ನರ ಮೇಳವನ್ನು ಸೇರಿದ. ಮರುವರ್ಷ ಎಲಿಂಗ್‌ಟನ್ ತಮ್ಮ ಇಡೀ ಮೇಳವನ್ನು ಬದಿಗಿಟ್ಟು, ತಾವು ಪಿಯಾನೊ, ಹುಡುಗನದು ಬೇಸು ಎಂದು ಇಬ್ಬರೇ ಕುಳಿತು ಕೆಲವು ರಚನೆಗಳನ್ನು ಧ್ವನಿಮುದ್ರಿಸಿದರು. ಬೇಸಿಗೂ ಹೇಳಲು ಸ್ವಂತ ಮಾತುಂಟು ಎಂದು ಲೋಕಕ್ಕೆ ಸ್ಪಷ್ಟವಾದದ್ದು ಆಗ. ವಿಧಿಯ ಕ್ರೌರ್ಯವನ್ನು ಏನೆನ್ನೋಣ! 1942ರ ಮಾರ್ಚಿಯಲ್ಲಿ ಕ್ರಿಶ್ಚಿಯನ್ ಕ್ಷಯರೋಗದಿಂದ ತೀರಿಕೊಂಡ; ವಯಸ್ಸು ಇಪ್ಪತ್ತೈದು. ಅದೇ ವರ್ಷದ ಜುಲೈಯಲ್ಲಿ ಬ್ಲಾಂಟನ್ನನೂ ಕ್ಷಯಕ್ಕೇ ತುತ್ತಾದ, ವಯಸ್ಸು ಇಪ್ಪತ್ತಮೂರು. ಆ ರೋಗಕ್ಕೆ ಮದ್ದಾದ ಸ್ಟ್ರೆಪ್ಟೊಮೈಸಿನ್ ಪತ್ತೆಯಾದದ್ದು ಮರುವರ್ಷ, 1943ರಲ್ಲಿ. ಗಿಟಾರಿಗೆ ನಾಲಿಗೆ ಕೊಟ್ಟವನೂ ಬೇಸಿಗೆ ನಾಲಿಗೆ ಕೊಟ್ಟವನೂ ಹೀಗೆ ಮೂರು ವರ್ಷಗಳ ಒಳಗೆ ಬಂದು ಹೋದರು. ಅವರು ತೆರೆದ ದಾರಿಯಲ್ಲಿ ನಡೆದವರು ಮುಂದಿನವರು.

ಜಿಮ್ ಹಾಲ್ ಅಂಥವರಲ್ಲಿ ಒಬ್ಬರು. 1930ರಲ್ಲಿ ಬಫಲೊ ನಗರದಲ್ಲಿ ಹುಟ್ಟಿದವರು, ಬೆಳೆದದ್ದು ಕ್ಲೀವ್‌ಲ್ಯಾಂಡಿನಲ್ಲಿ. ಹತ್ತನೆಯ ವಯಸ್ಸಿನಲ್ಲಿ ತಾಯಿ ಗಿಟಾರ್ ತೆಗೆಸಿಕೊಟ್ಟರಂತೆ. ಹದಿಮೂರರಲ್ಲಿ ಚಾರ್ಲಿ ಕ್ರಿಶ್ಚಿಯನ್ನನ ತಟ್ಟೆಯೊಂದನ್ನು ಕೇಳಿದ್ದೇ ಅವರ ಬಾಳಿನ ದಿಕ್ಕನ್ನು ನಿರ್ಧರಿಸಿತು. ಕ್ಲೀವ್‌ಲ್ಯಾಂಡ್ ಸಂಗೀತ ಸಂಸ್ಥೆಯಲ್ಲಿ ಶಾಸ್ತ್ರೋಕ್ತವಾಗಿ ಓದಿ, 1950ರ ದಶಕದ ಕೊನೆಯಲ್ಲಿ ಜಿಮ್ಮಿ ಜುಫ್ರಿ ಎಂಬವರ ಮೂವರ ತಂಡದಲ್ಲಿ ನುಡಿಸಿದರು. ಆ ತಂಡದಲ್ಲಿ ಡೋಲಿನವನೇ ಇರಲಿಲ್ಲ. ಲಯವನ್ನು ಬಡಿದು ತೋರಿಸದೆ ಒಳಗೇ ಹೊತ್ತು ನಡೆಯುವುದನ್ನು ಅವರು ಕಲಿತದ್ದು ಅಲ್ಲಿ. ಮುಂದೆ ಮಹಾವಾದಕ ಸನ್ನಿ ರಾಲಿನ್ಸ್, ಎರಡು ವರ್ಷ ಕಚೇರಿಗಳನ್ನೆಲ್ಲ ಬಿಟ್ಟು ನ್ಯೂಯಾರ್ಕಿನ ವಿಲಿಯಮ್ಸ್‌ಬರ್ಗ್ ಸೇತುವೆಯ ಮೇಲೆ ಒಂಟಿಯಾಗಿ ಸಾಧನೆ ಮಾಡಿ ಮರಳಿದಾಗ, ಜೊತೆಗೆ ಪಿಯಾನೊದವನ ಬದಲು ಆರಿಸಿಕೊಂಡದ್ದು ಹಾಲರನ್ನು. 1962ರ ‘ದಿ ಬ್ರಿಜ್’ ಎಂಬ ತಟ್ಟೆ ಅದರ ಫಲ.

ರಾನ್ ಕಾರ್ಟರರ ಕಥೆಯಲ್ಲಿ ಕಹಿಯ ಅಂಶ ಹೆಚ್ಚು. 1937ರಲ್ಲಿ ಮಿಶಿಗನ್ ರಾಜ್ಯದಲ್ಲಿ ಹುಟ್ಟಿದ ಈ ಕರಿಯ ಹುಡುಗ ಹತ್ತನೆಯ ವಯಸ್ಸಿನಿಂದ ಚೆಲ್ಲೊ ಕಲಿತ. ಸಿಂಫನಿ ವಾದ್ಯವೃಂದದಲ್ಲಿ ಕುಳಿತು ನುಡಿಸಬೇಕೆಂಬುದು ಅವನ ಕನಸು. ಡೆಟ್ರಾಯಿಟಿನ ಪ್ರೌಢಶಾಲೆಯಲ್ಲಿ ಓದುವಾಗ ಬಿಳಿಯ ಹುಡುಗರಿಗೆ ಸಿಗುವ ಅವಕಾಶಗಳು ತನಗೆ ಸಿಗುತ್ತಿಲ್ಲವೆಂದು ಕಂಡು, ಬೇಸಿಗಾದರೂ ಬೇಡಿಕೆ ಇದ್ದೀತೆಂದು ವಾದ್ಯವನ್ನೇ ಬದಲಿಸಿದ. ಈಸ್ಟ್‌ಮನ್ ಸಂಗೀತ ಶಾಲೆಯಲ್ಲಿ ವ್ಯಾಸಂಗ ಮಾಡುತ್ತಿದ್ದಾಗ, ಹೂಸ್ಟನ್ ನಗರದ ವಾದ್ಯವೃಂದದ ನಿರ್ದೇಶಕರಾಗಿದ್ದ ವಿಶ್ವವಿಖ್ಯಾತ ಲಿಯೊಪೊಲ್ಡ್ ಸ್ಟೊಕೊವ್‌ಸ್ಕಿ ಅವನ ವಾದನವನ್ನು ಮೆಚ್ಚಿದರು. ಆದರೆ ಕರಿಯನೊಬ್ಬನನ್ನು ತೆಗೆದುಕೊಳ್ಳಲು ತಮ್ಮ ಆಡಳಿತ ಮಂಡಲಿ ಒಪ್ಪದೆಂದು ತಿಳಿಸಿದರು. ಇದನ್ನು ಕಾರ್ಟರರು ಮುಂದೆ ಸಂದರ್ಶನಗಳಲ್ಲಿ ತಾವೇ ಹೇಳಿಕೊಂಡಿದ್ದಾರೆ. 1959ರಲ್ಲಿ ಪದವಿ, 1961ರಲ್ಲಿ ನ್ಯೂಯಾರ್ಕಿನಲ್ಲಿ ಸ್ನಾತಕೋತ್ತರ ಪದವಿ. 1963ರಿಂದ ಐದು ವರ್ಷ ಮೈಲ್ಸ್ ಡೇವಿಸರ ಸುಪ್ರಸಿದ್ಧ ತಂಡ. ಸಿಂಫನಿಯ ಬಾಗಿಲು ಮುಚ್ಚಿಸಿಕೊಂಡ ಈ ಮನುಷ್ಯನ ಧ್ವನಿಮುದ್ರಣಗಳನ್ನು 2015ರಲ್ಲಿ ಗಿನ್ನೆಸ್ ದಾಖಲೆಯವರು ಎಣಿಸಿದಾಗ ಅವು 2,221 ಆಗಿದ್ದವು. ಜಾಝ್ ಬೇಸ್ ವಾದಕರಲ್ಲಿ ಅಷ್ಟು ಮುದ್ರಣ ಮಾಡಿದವರು ಇನ್ನೊಬ್ಬರಿರಲಿಲ್ಲ.

ಹೀಗೆ 1972ರ ಆ ಸಂಜೆ ಒಬ್ಬ ಬಿಳಿಯ, ಒಬ್ಬ ಕರಿಯ, ಎದುರುಬದುರಾಗಿ ವಾದ್ಯ ಹಿಡಿದರು. ಅಮೆರಿಕದಲ್ಲಿ ನಾಗರಿಕ ಹಕ್ಕುಗಳ ಕಾಯಿದೆ ಬಂದು ಆಗಿನ್ನೂ ಎಂಟೇ ವರ್ಷ. ಆ ಸಂಗತಿಯನ್ನು ಅವರಿಬ್ಬರೂ ಎತ್ತಿ ಆಡುವುದಿಲ್ಲ; ವಾದ್ಯದಲ್ಲಿ ಭಾಷಣ ಮಾಡುವುದೂ ಇಲ್ಲ. ರಾಲಿನ್ಸ್ ತಮ್ಮ ತಾಯಿಯಿಂದ ಕೇಳಿದ ದ್ವೀಪದ ಹಾಡೊಂದನ್ನು ಆಧರಿಸಿದ ‘ಸೇಂಟ್ ಥಾಮಸ್’ನಿಂದ ಆ ತಟ್ಟೆ ಪ್ರಾರಂಭವಾಗುತ್ತದೆ. ಎಲಿಂಗ್‌ಟನ್ನರ ‘ಪ್ರೆಲ್ಯೂಡ್ ಟು ಎ ಕಿಸ್’ ಬರುತ್ತದೆ. ಇಬ್ಬರೂ ರಚಿಸಿದ ಒಂದೊಂದು ಕೃತಿ ಬರುತ್ತದೆ. ಫ್ರಾನ್ಸಿನಿಂದ ಬಂದು ಇಂಗ್ಲಿಷಿನಲ್ಲಿ ‘ಆಟಮ್ ಲೀವ್ಸ್’ ಎಂದು ಹೆಸರಾದ ಹಾಡಿನಿಂದ ಮುಕ್ತಾಯ. ಒಟ್ಟು ಎಂಟು ರಚನೆಗಳು.

ಇಬ್ಬರೇ ನುಡಿಸುವುದರ ಕಷ್ಟವೇನೆಂದು ಸ್ವಲ್ಪ ಯೋಚಿಸಿ. ನಾಲ್ಕೈದು ಜನರ ಮೇಳದಲ್ಲಿ ಒಬ್ಬನು ಅರೆಕ್ಷಣ ಮೈಮರೆತರೆ ಉಳಿದವರು ಮರೆಮಾಡಿಯಾರು. ಇಬ್ಬರಲ್ಲಿ ಒಬ್ಬನು ನಿಂತರೆ ಅರ್ಧ ಸಂಗೀತವೇ ನಿಂತಂತೆ. ಡೋಲು ಇಲ್ಲದ್ದರಿಂದ ಲಯವನ್ನು ಇಬ್ಬರೂ ಹಂಚಿಕೊಂಡು ಹೊರಬೇಕು. ಗಿಟಾರ್ ಕಲ್ಪನೆಯನ್ನು ಬೆಳೆಸುವಾಗ ಬೇಸು ಎಣಿಕೆಗೊಂದರಂತೆ ಸ್ವರವಿಡುತ್ತ ಸಾಗುತ್ತದೆ. ಇದನ್ನು ಅವರು ‘ನಡೆಯುವ ಬೇಸು’ ಎನ್ನುತ್ತಾರೆ. ನಡಿಗೆಯೆಂಬ ಮಾತು ಬಹಳ ಒಪ್ಪುತ್ತದೆ. ನಡೆಯುವವನು ಹೆಜ್ಜೆ ಎಣಿಸುವುದಿಲ್ಲ. ಆದರೆ ಹೆಜ್ಜೆ ತಪ್ಪುವುದೂ ಇಲ್ಲ. ಕಾರ್ಟರರ ಬೆರಳಿನ ವಿಶೇಷವೆಂದರೆ ಅವರು ಮೀಟಿದ ಸ್ವರ ಕೂಡಲೇ ಸಾಯುವುದಿಲ್ಲ. ದೀರ್ಘವಾಗಿ ಉಸಿರಾಡುತ್ತ ಮುಂದಿನ ಸ್ವರವನ್ನು ಕೈಹಿಡಿದು ಕರೆತರುತ್ತದೆ. ನಡುನಡುವೆ ನಡಿಗೆಯನ್ನು ನಿಲ್ಲಿಸಿ, ಒಂದು ಸ್ವರವನ್ನು ಜಾರಿಸಿ, ಗಿಟಾರಿನ ವಾಕ್ಯಕ್ಕೆ ಹೂಂಗುಟ್ಟುವುದೂ ಉಂಟು.

ಬೇಸಿನ ಸರದಿ ಬಂದಾಗ ಹಾಲರು ಏನು ಮಾಡುತ್ತಾರೆಂಬುದೇ ನನಗೆ ಅತ್ಯಂತ ಬೋಧಪ್ರದವಾಗಿ ಕಂಡ ಭಾಗ. ಬೇಸಿನ ದನಿ ತಗ್ಗಿನದು. ಮೇಲಿನಿಂದ ಯಾರಾದರೂ ಸ್ವಲ್ಪ ಗಟ್ಟಿಯಾಗಿ ನುಡಿಸಿದರೂ ಮುಚ್ಚಿಹೋಗುತ್ತದೆ. ಹಾಲರು ತಮ್ಮ ಗಿಟಾರಿನ ವಿದ್ಯುತ್‌ದನಿಯನ್ನು ಮೊದಲೇ ಬಹಳ ತಗ್ಗಿಸಿಟ್ಟುಕೊಂಡಿರುತ್ತಾರೆ. ತಂತಿಯ ನೈಜವಾದ ಸಪ್ಪಳವೇ ಕೇಳಿಸಬೇಕೆಂಬುದು ಅವರ ಆಸೆ. ಬೇಸು ಮಾತಾಡತೊಡಗಿದಾಗ ಅವರು ಕೆಲವೊಮ್ಮೆ ಎರಡೇ ಸ್ವರಗಳ ಗುಚ್ಛವನ್ನು ಮೆಲ್ಲನೆ ಇಡುತ್ತಾರೆ. ಕೆಲವೊಮ್ಮೆ ತಂತಿಗಳನ್ನು ಹಗುರವಾಗಿ ಸವರಿ ಡೋಲಿನ ಕೆಲಸವನ್ನು ತಾವೇ ಮಾಡುತ್ತಾರೆ. ಕೆಲವೊಮ್ಮೆ ಏನನ್ನೂ ಮಾಡದೆ ಸುಮ್ಮನಿರುತ್ತಾರೆ. ಆ ಮೌನ ಕೈಬಿಟ್ಟವನ ಮೌನವಾಗಿ ಕೇಳಿಸುವುದಿಲ್ಲ. ಎದುರಿನವನ ವಾಕ್ಯ ಎಲ್ಲಿಗೆ ಹೋಗುತ್ತದೋ ನೋಡೋಣ ಎಂದು ಕುತೂಹಲದಿಂದ ಕಾಯುವವನ ಮೌನ ಅದು. ನನ್ನ ಸೋದರಳಿಯನಿಗೆ ನಾನು ‘ದಾರಿ ಬಿಡುತ್ತ ನಿಂತಿದ್ದಾರೆ’ ಎಂದು ದೂರಿದ್ದು ಇದನ್ನೇ.

ನನ್ನ ತಂದೆಯವರು ಹೇಳುತ್ತಿದ್ದ ಒಂದು ಮಾತು ಈ ಘಟ್ಟದಲ್ಲಿ ನೆನಪಾಯಿತು. ಒಂದು ಮಳೆಗಾಲದ ಕೂಟದಲ್ಲಿ ಅವರದು ವಾಲಿ; ಅಂದಿನ ರಾಮ ಇನ್ನೂ ಹೊಸಬ. ಹುಡುಗ ಒಂದು ಕಡೆ ತಡವರಿಸಿ ನಿಂತ. ತಂದೆಯವರು ಚುಚ್ಚುಮಾತೊಂದನ್ನು ಆಡಿ ಸಭೆಯನ್ನು ನಗಿಸಿ ಗೆಲ್ಲಬಹುದಿತ್ತು. ಹಾಗೆ ಮಾಡದೆ, ರಾಮನಿಗೆ ಉತ್ತರಿಸಲು ಅನುಕೂಲವಾಗುವಂಥ ಪ್ರಶ್ನೆಯೊಂದನ್ನು ವಾಲಿಯ ಕೋಪದಲ್ಲಿಯೇ ಸುತ್ತಿ ಕೇಳಿದರು. ಹುಡುಗ ಅದನ್ನು ಹಿಡಿದುಕೊಂಡು ಮೇಲೆದ್ದ. ಮನೆಗೆ ಬರುವಾಗ ದಾರಿಯಲ್ಲಿ ನಾನು, “ನೀವೇಕೆ ಸೋತಿರಿ?” ಎಂದು ಕೇಳಿದೆ. “ರಾಮ ಸೋತರೆ ವಾಲಿ ಯಾರ ಕೈಯಲ್ಲಿ ಸಾಯಬೇಕು ಮಗಾ? ಎದುರಿನವನ ಮಾತು ಮುಗಿಯುವ ಮೊದಲೇ ನಿನ್ನ ಉತ್ತರ ಸಿದ್ಧವಾಗಿದ್ದರೆ ನೀನು ಕೇಳಲಿಲ್ಲ ಅಂತಲೇ ಲೆಕ್ಕ” ಎಂದರು. ಆಗ ನನಗೆ ಹನ್ನೊಂದೋ ಹನ್ನೆರಡೋ ವರ್ಷ. ಮಾತು ನೆನಪಿನಲ್ಲಿ ಉಳಿಯಿತು; ಅರ್ಥವಾಗಲು ಐವತ್ತು ವರ್ಷ ಬೇಕಾಯಿತು.

ಇಲ್ಲಿ ಒಂದು ಸಂದೇಹ ಬರಬಹುದು. ಪದ್ಯವೇ ಇಲ್ಲದೆ ಅರ್ಥ ಹೇಳಲು ಸಾಧ್ಯವೆ? ಅದನ್ನೂ ಮಾಡಿದವರಿದ್ದಾರೆ. ಇಂಗ್ಲೆಂಡಿನ ಷೆಫೀಲ್ಡಿನಲ್ಲಿ ಹುಟ್ಟಿದ ಡೆರೆಕ್ ಬೇಯ್ಲಿ ಎಂಬ ಗಿಟಾರ್ ವಾದಕರು ಹಾಡು, ಅಳತೆ, ಗೊತ್ತಾದ ಸ್ವರಗುಚ್ಛ ಇವೆಲ್ಲವನ್ನೂ ತೊರೆದರು. 1971ರಲ್ಲಿ ಡೇವ್ ಹಾಲೆಂಡ್ ಎಂಬ ಹೆಸರಾಂತ ಬೇಸ್ ವಾದಕರು, ಅಂದು ಚೆಲ್ಲೊ ಹಿಡಿದು, ಇವರೊಡನೆ ನುಡಿಸಿದ್ದು ಮುದ್ರಣವಾಗಿದೆ. ನನ್ನ ಕಿವಿಗೆ ಅದು ಇನ್ನೂ ಒಗ್ಗಿಲ್ಲವೆಂದು ಒಪ್ಪಿಕೊಳ್ಳುತ್ತೇನೆ. ಆದರೆ ಅಲ್ಲಿಯೂ ಉಳಿಯುವ ನಿಯಮ ಒಂದೇ: ಎದುರಿನವನನ್ನು ಕೇಳಬೇಕು. ಉಳಿದ ಕಟ್ಟುಗಳೆಲ್ಲ ಕಳಚಿದಾಗ ಆ ಒಂದು ಕಟ್ಟು ಇನ್ನಷ್ಟು ಬಿಗಿಯಾಗುತ್ತದೆ.

ಹಾಲರೊಡನೆ ನುಡಿಸಿದ ಮತ್ತೊಬ್ಬ ಬೇಸ್ ವಾದಕರ ಪ್ರಸ್ತಾಪವಿಲ್ಲದೆ ಈ ಭಾಷಣ, ಅದೂ ಬಾನುಲಿಯ ಭಾಷಣ, ಪೂರ್ಣವಾಗದು. ಅವರು ಚಾರ್ಲಿ ಹೇಡನ್. 1937ರಲ್ಲಿ ಅಯೋವಾ ರಾಜ್ಯದಲ್ಲಿ ಹುಟ್ಟಿದರು. ಅವರ ಇಡೀ ಸಂಸಾರ ರೇಡಿಯೋದಲ್ಲಿ ಜಾನಪದ ಹಾಡುಗಳನ್ನು ಹಾಡುತ್ತಿತ್ತು. ಎರಡು ವರ್ಷ ತುಂಬುವ ಮೊದಲೇ ಈ ಮಗುವೂ ಮೈಕಿನ ಮುಂದೆ ಹಾಡತೊಡಗಿತು. ಹದಿನೈದನೆಯ ವಯಸ್ಸಿನಲ್ಲಿ ಪೋಲಿಯೊ ಬಡಿಯಿತು. ಅವರ ವಿಷಯದಲ್ಲಿ ಅದು ಹಿಡಿದದ್ದು ಗಂಟಲನ್ನು, ಮುಖದ ನರಗಳನ್ನು. ಹಾಡು ನಿಂತಿತು. ಆಗ ಅವರು ಬೇಸಿನ ಕಡೆಗೆ ತಿರುಗಿದರು. 1959ರ ವೇಳೆಗೆ ಆರ್ನೆಟ್ ಕೋಲ್‌ಮನ್ನರ ಕ್ರಾಂತಿಕಾರಿ ತಂಡದಲ್ಲಿದ್ದರು. ಅವರ ಬೇಸನ್ನು ಕೇಳಿದರೆ ಅಬ್ಬರವಿಲ್ಲ, ವೇಗದ ಮೋಹವಿಲ್ಲ. ಸರಳವಾದ ಕೆಲವು ಸ್ವರಗಳು, ಹಾಡಿದಂತೆಯೇ. 1997ರಲ್ಲಿ ಹೊರಬಂದ ‘ಬಿಯಾಂಡ್ ದ ಮಿಸೂರಿ ಸ್ಕೈ’ ಎಂಬ ತಟ್ಟೆಯಲ್ಲಿ ಅವರು ಪ್ಯಾಟ್ ಮೆಥೀನಿ ಎಂಬ ಗಿಟಾರ್ ವಾದಕರೊಡನೆ ನುಡಿಸಿದ್ದಾರೆ. ಇಬ್ಬರಿಗೂ ಬಾಲ್ಯದ ಆಕಾಶ ಮಿಸೂರಿಯದು.

ಜಿಮ್ ಹಾಲರೂ ಹೇಡನ್ನರೂ 1990ರ ಜುಲೈಯಲ್ಲಿ ಕೆನಡಾದ ಮಾಂಟ್ರಿಯಲ್ ಸಂಗೀತೋತ್ಸವದಲ್ಲಿ ಒಂದು ರಾತ್ರಿ ಜೊತೆಯಾಗಿ ನುಡಿಸಿದರು. ಆ ಮುದ್ರಣ ತಟ್ಟೆಯಾಗಿ ಹೊರಬಂದದ್ದು 2014ರಲ್ಲಿ. ಹಾಲರು 2013ರ ಡಿಸೆಂಬರಿನಲ್ಲಿ ತೀರಿಕೊಂಡಿದ್ದರು. ಎಳೆಯ ವಯಸ್ಸಿನ ಪೋಲಿಯೊದ ಪರಿಣಾಮ ಮುಪ್ಪಿನಲ್ಲಿ ಮರುಕಳಿಸಿ ನರಳಿದ ಹೇಡನ್ 2014ರ ಜುಲೈಯಲ್ಲಿ ತೀರಿಕೊಂಡರು. ಇಪ್ಪತ್ತನಾಲ್ಕು ವರ್ಷ ಕಾದಿದ್ದ ಸಂಭಾಷಣೆ ಲೋಕದ ಕಿವಿಗೆ ಬಿದ್ದಾಗ ಸಂಭಾಷಿಸಿದವರು ಇಬ್ಬರೂ ಇರಲಿಲ್ಲ. ಆದರೂ ಆ ತಟ್ಟೆಯಲ್ಲಿ ಒಬ್ಬರು ನುಡಿಸುವಾಗ ಇನ್ನೊಬ್ಬರು ಕೇಳುತ್ತಿರುವುದು ನಮಗೆ ಇಂದಿಗೂ ಕೇಳಿಸುತ್ತದೆ.

ಇನ್ನು ನನ್ನ ಸ್ವಂತದ ಒಂದು ಮಾತು. ಕಾಲೇಜಿನಲ್ಲಿ ಪಾಠ ಹೇಳುವಾಗ ನನ್ನ ವಾಗ್ಮಿತೆಯ ಬಗ್ಗೆ ನನಗೆ ಹೆಮ್ಮೆಯಿತ್ತು. ಒಮ್ಮೆ ಎಂ.ಎ. ತರಗತಿಯಲ್ಲಿ ಪಂಪನ ಕರ್ಣನನ್ನು ಕುರಿತು ಪ್ರಶ್ನೆ ಕೇಳಿದೆ. ಎಂದೂ ಬಾಯಿ ತೆರೆಯದ ವಿದ್ಯಾರ್ಥಿನಿಯೊಬ್ಬಳು ಹಿಂದಿನ ಬೆಂಚಿನಿಂದ ಎದ್ದಳು. “ಸರ್, ಕರ್ಣನಿಗೆ...” ಎಂದು ಪ್ರಾರಂಭಿಸಿ, ಮಾತಿಗಾಗಿ ತಡಕಾಡಿ ನಿಂತಳು. ನಾಲ್ಕೈದು ಕ್ಷಣ ಕಳೆದಿರಬಹುದು. ನನಗೆ ತಾಳ್ಮೆಯಿರಲಿಲ್ಲ. “ಕರ್ಣನಿಗೆ ಸ್ವಾಮಿನಿಷ್ಠೆಯೇ ಪರಮಧರ್ಮವಾಗಿತ್ತು ಎನ್ನುತ್ತೀಯಲ್ಲವೆ? ಸರಿಯಾಗಿ ಹೇಳಿದೆ, ಕುಳಿತುಕೋ” ಎಂದು ಅವಳ ವಾಕ್ಯವನ್ನು ನಾನೇ ಮುಗಿಸಿ, ಅರ್ಧ ಗಂಟೆ ಅದರ ಮೇಲೆ ಮಾತಾಡಿದೆ. ತರಗತಿ ತಲೆದೂಗಿತು. ನನ್ನ ನಿವೃತ್ತಿಯ ದಿನ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿದ್ದಾಗ ಆಕೆಯೂ ಬಂದಿದ್ದರು, ಸ್ವತಃ ಅಧ್ಯಾಪಕಿಯಾಗಿದ್ದರು. ನಗುತ್ತಲೇ ಅಂದರು: “ಸರ್, ಅಂದು ನಾನು ಹೇಳಹೊರಟದ್ದು ಅದಲ್ಲ, ಬೇರೆಯೇ ಇತ್ತು.” “ಏನಮ್ಮ ಅದು?” ಎಂದೆ. ಸ್ವಲ್ಪ ಹೊತ್ತು ಯೋಚಿಸಿ, “ಮರೆತುಹೋಯಿತು ಸರ್” ಎಂದರು.

ಅಂದು ಎಲ್ಲರೂ ನಕ್ಕರು, ನಾನೂ ನಕ್ಕೆ. ಕಣ್ಣಿಗೆ ಕಟ್ಟು ಕಟ್ಟಿಕೊಂಡು ಆ ತಟ್ಟೆಯನ್ನು ಕೇಳುತ್ತ ಮಲಗಿದ್ದ ರಾತ್ರಿ, ಕಾರ್ಟರರ ಬೇಸು ಒಂದು ವಾಕ್ಯದ ನಡುವೆ ತಡೆದು ನಿಂತಿತು. ಹಾಲರ ಗಿಟಾರ್ ಅದನ್ನು ಪೂರ್ಣಗೊಳಿಸಲು ಮುಂದಾಗಲಿಲ್ಲ, ಕಾಯಿತು. ಬೇಸು ತಾನಾಗಿಯೇ, ನಾನು ಊಹಿಸದೆ ಇದ್ದ ಕಡೆಗೆ ತಿರುಗಿ, ಮಾತು ಮುಗಿಸಿತು. ಆಗ ನನಗೆ ಆ ಹುಡುಗಿ ನಿಂತದ್ದು ಕಂಡಿತು. ಕರ್ಣನನ್ನು ಕುರಿತು ಒಂದು ಹೊಸ ಮಾತು ಆ ತರಗತಿಯ ಬಾಗಿಲವರೆಗೆ ಬಂದಿತ್ತು. ಅದು ಏನೆಂದು ಅವಳಿಗೂ ಈಗ ತಿಳಿಯದು, ನನಗೆ ಎಂದೆಂದಿಗೂ ತಿಳಿಯದು. ಇಷ್ಟು ವರ್ಷಗಳಲ್ಲಿ ಅಂಥ ಎಷ್ಟು ವಾಕ್ಯಗಳನ್ನು ನಾನು ಮುಗಿಸಿಬಿಟ್ಟಿರಬಹುದು ಎಂದು ಲೆಕ್ಕ ಹಾಕುವ ಧೈರ್ಯ ನನಗಾಗಲಿಲ್ಲ.

ಆದ್ದರಿಂದಲೇ ಈ ಸಂಗೀತವನ್ನು ಕೇಳಿರೆಂದು ತಮ್ಮನ್ನು ಕೇಳಿಕೊಳ್ಳುತ್ತೇನೆ. ನಮ್ಮ ನಾಡಿಗೆ ಜಾಝ್ ತೀರ ದೂರದ್ದೇನೂ ಅಲ್ಲ. ಬೆಂಗಳೂರಿನ ಆರ್.ಎ. ರಮಾಮಣಿ ಮತ್ತು ಟಿ.ಎ.ಎಸ್. ಮಣಿ ಅವರು ತಮ್ಮ ಕರ್ನಾಟಕ ತಾಳವಾದ್ಯ ಕಾಲೇಜಿನ ತಂಡದೊಡನೆ, ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಅವರ ಜೊತೆಗೂಡಿ ನುಡಿಸಿದ ‘ಜ್ಯೋತಿ’ ಎಂಬ ತಟ್ಟೆ 1983ರಷ್ಟು ಹಿಂದೆಯೇ ಯೂರೋಪಿನಲ್ಲಿ ಹೊರಬಂದಿತ್ತು. ತಮಗೆ ಹಾಲ್ ಮತ್ತು ಕಾರ್ಟರರ ಆ ತಟ್ಟೆ ಎಲ್ಲಿಯಾದರೂ ದೊರೆತರೆ, ಮೊದಲ ಸಲ ಗಿಟಾರನ್ನು ಮಾತ್ರ ಹಿಂಬಾಲಿಸಿ; ಎರಡನೆಯ ಸಲ ಬೇಸನ್ನು ಮಾತ್ರ; ಮೂರನೆಯ ಸಲ, ನುಡಿಸದೆ ಇರುವವನು ಏನು ಮಾಡುತ್ತಿದ್ದಾನೆಂದು ಗಮನಿಸಿ.

ಸಮಯ ಮುಗಿಯುತ್ತ ಬಂದಿದೆ. ಇಷ್ಟು ಹೊತ್ತು ಕೇಳುವುದರ ಹಿರಿಮೆಯನ್ನು ಕುರಿತು ನಾನೊಬ್ಬನೇ ಮ���ತಾಡಿದ್ದೇನೆ, ತಾವು ಕೇಳಿದ್ದೀರಿ. ಬಾನುಲಿಯಲ್ಲಿ ಮಾತಾಡುವವನಿಗೆ ಎದುರಿನವರ ದನಿ ಕೇಳಿಸುವುದಿಲ್ಲವೆಂಬ ಕೊರತೆ ಇದ್ದೇ ಇದೆ. ತಮಗೆ ಹೇಳಬೇಕೆನಿಸಿದ್ದನ್ನು ಒಂದು ಕಾಗದದಲ್ಲಿ ಬರೆದು ಈ ನಿಲಯಕ್ಕೆ ಕಳುಹಿಸಿದರೆ ಅವರು ನನಗೆ ತಲುಪಿಸುತ್ತಾರೆ. ಕಣ್ಣು ಈಗ ಚೆನ್ನಾಗಿದೆ. ಕೊನೆಯ ಸಾಲಿನವರೆಗೂ ಓದುತ್ತೇನೆ.